ಅವ್ವನ ಸೋಬಾನೆ ಪದಗಳು ವರ್ಡ್‌ಗೆ: ಕೆಲಸ ಎಲ್ಲಿಗೆ ಬಂತು

ಅವ್ವ ಹೇಳುವ ಸೋಬಾನೆ ಪದಗಳನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಈಗ ಅವನ್ನು ವರ್ಡ್‌ನಲ್ಲಿ ಟೈಪ್ ಮಾಡಿ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆ ಮೇಲೆ ಇರುವುದನ್ನು ಎನ್‌ವಿಡಿಎ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ ತಂತ್ರಾಂಶ ಇದು. ಅವರಿಗೂ ಕಣ್ಣು ಕಾಣುವುದಿಲ್ಲ. ಬಳಸಲು ಕಾಸು ಕೊಡಬೇಕಿಲ್ಲ, ಜೊತೆಗೆ ಬರುವ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಓದುತ್ತದೆ, ಅಷ್ಟೇ! ಹಸೆಗೆ ಕರೆಯುವ ಪದವನ್ನು ಠಾಣೆಯಲ್ಲಿ ಎಫ್‌ಐಆರ್ ಓದಿದ ಹಾಗೆ ಓದುತ್ತದೆ. ಅವ್ವ ಕೇಳಿ ನಕ್ಕಿದ್ದೇ ನಕ್ಕಿದ್ದು.

ಟೈಪಿಂಗ್ ಹದಕ್ಕೆ ಬಂದಿದೆ. ನಾನು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುವುದು. ಅದರಲ್ಲಿ ಒತ್ತಕ್ಷರ ಬರಬೇಕಾದರೆ ಎಫ್ ಒತ್ತಬೇಕು. ಎಫ್ ಮೇಲೆ ಬೆರಳಿಗೆ ತಾಗುವ ಸಣ್ಣ ಗೀಟು ಇರುತ್ತದಲ್ವಾ? ಎಡಗೈ ತೋರುಬೆರಳು ಯಾವಾಗಲೂ ಅಲ್ಲೇ ಕೂತಿರುತ್ತದೆ, ಹುಡುಕುವ ಮಾತೇ ಇಲ್ಲ. 'ಕನ್ನಡ' ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ.

ತಿದ್ದುವುದು ಬೇರೆಯೇ ವಿದ್ಯೆ. 'ಸ್ತ್ರೀ' ಆದಮೇಲೆ ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ಈಕಾರ ಮಾತ್ರ ಹೋಗುತ್ತದೆ. ಕರ್ಸರನ್ನು 'ಸ್ತ್ರೀ'ಗಿಂತ ಮೊದಲು, ಅದರ ಎಡಕ್ಕೆ ನಿಲ್ಲಿಸಿ ಡಿಲೀಟ್ ಒತ್ತಿದರೆ ಇಡೀ ಅಕ್ಷರ ಒಂದೇ ಏಟಿಗೆ ಮಾಯ. ಹಾಗಾಗಿ ಸ್ವರ ಮಾತ್ರ ಬದಲಿಸಬೇಕಿದ್ದರೆ ಬ್ಯಾಕ್‌ಸ್ಪೇಸೇ ವಾಸಿ. ಶ ಮತ್ತು ಷ ಈ ದನಿಯಲ್ಲಿ ನನ್ನ ಕಿವಿಗೆ ಒಂದೇ. ಅನುಮಾನ ಬಂದರೆ ಅಳಿಸಿ ಮತ್ತೆ ಹೊಡೆಯುತ್ತೇನೆ. ಶಿಫ್ಟ್ ಹಿಡಿದು ಎಸ್ ಒತ್ತಿದೆನೋ, ಎಕ್ಸ್ ಒತ್ತಿದೆನೋ ಅಂತ ಬೆರಳಿಗಂತೂ ಗೊತ್ತಿರುತ್ತದೆ.

ಈಚೆಗೆ ಕಲಿತದ್ದರಲ್ಲಿ ಹೆಚ್ಚು ಖುಷಿ ಕೊಟ್ಟಿದ್ದು ಶಿಫ್ಟ್ ಎಂಟರ್. ಪದದ ಸಾಲು ಮುಗಿದಾಗ ಬರೀ ಎಂಟರ್ ಒತ್ತಿದರೆ ಪ್ರತಿ ಸಾಲೂ ಒಂದು ಪ್ಯಾರಾ ಆಗಿಬಿಡುತ್ತದೆ. ಶಿಫ್ಟ್ ಎಂಟರ್ ಒತ್ತಿದರೆ ಸಾಲು ಮುರಿಯುತ್ತದೆ, ಪ್ಯಾರಾ ಮುರಿಯುವುದಿಲ್ಲ. ಪದದ ಒಂದು ನುಡಿ, ಅಂದರೆ ಚರಣ, ಮುಗಿದಾಗ ಮಾತ್ರ ಎಂಟರ್. ಆಮೇಲೆ ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದರೆ ನುಡಿಯಿಂದ ನುಡಿಗೆ ನೆಗೆಯಬಹುದು. ಅವ್ವ "ಮೂರನೇ ನುಡಿ ತೆಗಿ, ಅದ್ರಲ್ಲಿ ಒಂದು ಸಾಲು ಬಿಟ್ಟೋಗದೆ" ಅಂದರೆ ಅಲ್ಲಿಗೆ ಹೋಗುವುದು ಈಗ ಸಲೀಸು.

ಹಿಂದೆ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದ ಕೆಲವು ಪದಗಳ ಫೈಲೂ ಸಿಕ್ಕಿತು. ತೆರೆದು ಒಂದೊಂದೇ ಅಕ್ಷರ ಓದಿಸಿದರೆ 'ಪಿ, ಎ ಗ್ರೇವ್, ಪೌಂಡ್' ಅನ್ನುತ್ತಿತ್ತು. ಹಳೆಯ ನುಡಿ ಫಾಂಟ್. ಪರದೆ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಪರಿವರ್ತಕದಲ್ಲಿ ಹಾಕಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿದ ಮೇಲೆ ಬಾಯಿಬಿಟ್ಟಿತು.

ತಲೆಬರಹದ್ದು ಇನ್ನೊಂದು ರಗಳೆ. ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ, ಅಂದರೆ ಒಂದೊಂದೇ ಕೀ ಒತ್ತಿ ಫೈಲಿನಲ್ಲಿ ಓಡಾಡುವ ವಿಧಾನದಲ್ಲಿ, ಎಚ್ ಒತ್ತಿದರೆ ಮುಂದಿನ ತಲೆಬರಹಕ್ಕೆ ಹೋಗಬೇಕು. ಒಂದೂ ಸಿಗಲಿಲ್ಲ. ಎನ್‌ವಿಡಿಎ ಕೀ ಹಿಡಿದು ಎಫ್ ಒತ್ತಿ ಕೇಳಿದರೆ ಅವೆಲ್ಲ ಬರೀ ದಪ್ಪಕ್ಷರ, ದೊಡ್ಡ ಸೈಜು. ನಡುವಿಗೆ ತರಲು ಸಾಲುಗಟ್ಟಲೆ ಸ್ಪೇಸ್ ಬೇರೆ. ಕಣ್ಣಿದ್ದವರಿಗೆ ಅದು ತಲೆಬರಹವೇ, ಒಪ್ಪಿದೆ. ಆದರೆ ಎಚ್ ಕೀ ನಿಲ್ಲುವುದು ಹೆಡಿಂಗ್ ಸ್ಟೈಲ್, ಅಂದರೆ 'ಇದು ತಲೆಬರಹ' ಅಂತ ವರ್ಡ್‌ಗೆ ಹೇಳುವ ಗುರುತು, ಇದ್ದರೆ ಮಾತ್ರ. ಸ್ಪೇಸ್‌ಗಳನ್ನು ಅಳಿಸಿ, ಕಂಟ್ರೋಲ್ ಆಲ್ಟ್ 1 ಒತ್ತಿ ಹೆಡಿಂಗ್ ಸ್ಟೈಲ್ ಹಾಕಿ, ಕಂಟ್ರೋಲ್ ಇ ಒತ್ತಿ ನಡುವಿಗೆ ತಂದು, ಒಂದೊಂದನ್ನೇ ಸರಿ ಮಾಡಿದೆ. ಡಿಟಿಪಿ ಕಲಿಸುವವರು ಮೊದಲ ದಿನವೇ ಈ ಸ್ಪೇಸ್ ಬಾರ್ ಚಟ ಬಿಡಿಸಬೇಕು ಅನ್ನುವುದು ನನ್ನ ವಾದ. ಯಾಕೆಂದರೆ ಸ್ಟೈಲ್ ಹಾಕಿದ್ದರೆ ಪರಿವಿಡಿಯನ್ನು ವರ್ಡೇ ಮಾಡಿಕೊಡುತ್ತದೆ, ಪುಟದ ಸಂಖ್ಯೆ ಸಮೇತ. ಅದು ಕಣ್ಣಿದ್ದವರಿಗೂ ಲಾಭವೇ ತಾನೆ?

ಶಾಸ್ತ್ರದ ಪದಗಳು ಮುಗಿದವು. ಬೀಗರನ್ನು ಛೇಡಿಸುವ ಪದಗಳು ಬಾಕಿ ಇವೆ. ಅವುಗಳಲ್ಲಿ ಯಾವುದನ್ನು ಅಚ್ಚು ಹಾಕಬಾರದು ಅಂತ ಅವ್ವ ಇನ್ನೂ ತೀರ್ಮಾನ ಮಾಡಿಲ್ಲ.