ಖಡಕಿಯಿಂದ ಬಳ್ಳಾರಿಗೆ, 36 ಟನ್ ಭಾರದ ಜತೆ

ಟಿ-55 ಟ್ಯಾಂಕಿನ ಅಗಲ 3.27 ಮೀಟರ್. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಪುಣೆಯ ಖಡಕಿಯಿಂದ ಬಳ್ಳಾರಿಯವರೆಗಿನ ಸುಮಾರು ಆರುನೂರು ಕಿಲೋಮೀಟರ್ ದಾರಿಯುದ್ದಕ್ಕೂ ನಮ್ಮ ಗಮನವೆಲ್ಲ ಈ ಎರಡು ಅಂಕಿಗಳ ನಡುವಿನ ಗೇಣು ಜಾಗದ ಮೇಲೆಯೇ ಇತ್ತು.

ಬಳ್ಳಾರಿಯ ನಮ್ಮ ಕಾಲೇಜಿನ ಮುಂದೆ ಒಂದು ಟ್ಯಾಂಕ್ ನಿಲ್ಲಬೇಕೆಂಬುದು ಸುತ್ತಲಿನ ಮಾಜಿ ಸೈನಿಕರ ಬಹುಕಾಲದ ಆಸೆ. ಸೇವೆಯಿಂದ ಬಿಡುಗಡೆಯಾದ ಟ್ಯಾಂಕುಗಳನ್ನು ಸೇನೆ ನಗರಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಪ್ರದರ್ಶನಕ್ಕೆಂದು ಕೊಡುವುದುಂಟು. ಮಂಜೂರಾತಿ ಸಿಕ್ಕಿತು. ತರುವ ಹೊಣೆ ನಮ್ಮದಾಯಿತು. ಕಾಲೇಜಿನ ಪರವಾಗಿ ಕಾಗದಪತ್ರ ಹಿಡಿದು ಜತೆಗೆ ಹೋಗಲು ಒಬ್ಬರು ಬೇಕಿತ್ತು. ನಾನೇ ಕೇಳಿ ಹೋದೆ.

ಟ್ರೇಲರ್ ತೋರಣಗಲ್ಲಿನ ಕಡೆಯದು. ಉಕ್ಕಿನ ಸುರುಳಿ, ಕಾರ್ಖಾನೆಯ ಯಂತ್ರಗಳನ್ನು ಹೊತ್ತು ದೇಶವೆಲ್ಲ ತಿರುಗಿದ, ತಗ್ಗು ಹಾಸಿನ ಲೋ-ಬೆಡ್ ಅದು. ಚಾಲಕರು ಸಂಡೂರು ಕಡೆಯ ಹಿರಿಯರು, ಮಿತಭಾಷಿ. ಸಹಾಯಕ ಹುಡುಗ ಅವರನ್ನು "ಅಣ್ಣಾ" ಎನ್ನುತ್ತಿದ್ದ, ನಾನೂ ಹಾಗೆಯೇ ಕರೆಯತೊಡಗಿದೆ. ಅವರು ನನ್ನನ್ನು ಕೊನೆಯವರೆಗೂ "ಸರ್" ಎಂದೇ ಕರೆದರು.

ಖಡಕಿಯ ಸೇನಾ ಡಿಪೊದ ಅಂಗಳದಲ್ಲಿ ಟ್ಯಾಂಕನ್ನು ಮೊದಲ ಬಾರಿಗೆ ಹತ್ತಿರದಿಂದ ಕಂಡಾಗ ನನ್ನ ಕಣ್ಣು ತೋಪಿನ ಕಡೆಗೆ ಹೋಯಿತು. ಅಣ್ಣ ನೋಡಿದ್ದು ಗಾಲಿಗಳನ್ನು ಸುತ್ತುವ ಉಕ್ಕಿನ ಚೈನನ್ನು. ಪ್ರತಿ ಬದಿಗೆ ಐದು ದೊಡ್ಡ ಗಾಲಿಗಳು, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಅಂತರ. ಟಿ-55ರ ಗುರುತೇ ಅದು. ಒಂದು ಕಾಲಕ್ಕೆ 580 ಅಶ್ವಶಕ್ತಿಯ ಡೀಸೆಲ್ ಎಂಜಿನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಿದ್ದ ಈ ಯಂತ್ರಕ್ಕೆ ಈಗ ತಾನಾಗಿ ಒಂದಡಿಯೂ ಸರಿಯುವ ಶಕ್ತಿಯಿಲ್ಲ. ಚಾಲನೆಯಲ್ಲಿದ್ದರೂ ಅದನ್ನು ಡಾಂಬರಿನ ಮೇಲೆ ಓಡಿಸಿಕೊಂಡು ಬರುವಂತಿರಲಿಲ್ಲ. ಉಕ್ಕಿನ ಚೈನು ರಸ್ತೆಯನ್ನು ಕಿತ್ತುಹಾಕುತ್ತದೆ, ರಸ್ತೆ ಚೈನನ್ನು ಸವೆಸುತ್ತದೆ. ಯುದ್ಧಕಾಲದಲ್ಲೂ ಟ್ಯಾಂಕುಗಳು ದೂರದ ದಾರಿಯನ್ನು ರೈಲಿನಲ್ಲೋ ಟ್ರೇಲರಿನಲ್ಲೋ ಕ್ರಮಿಸುವುದೇ ಹೆಚ್ಚು.

ಏರಿಸುವ ಕೆಲಸಕ್ಕೆ ಅರ್ಧ ದಿನವೇ ಬೇಕಾಯಿತು. ಟ್ರೇಲರಿನ ಹಾಸಿನ ನಟ್ಟನಡುವೆ ಸುಣ್ಣದ ಗೆರೆ ಎಳೆದರು. ಹಾಸು ಮೂರು ಮೀಟರ್ ಅಗಲವಿದ್ದುದರಿಂದ ಚೈನಿನ ಅಂಚು ಎರಡೂ ಬದಿಗೆ ಅಂಗೈ ಅಗಲ ಹೊರಗೆ ಚಾಚಲೇಬೇಕಿತ್ತು. ಎರಡೂ ಬದಿಗೆ ಸಮನಾಗಿ ಚಾಚಬೇಕು, ಒಂದೇ ಬದಿಗೆ ವಾಲಬಾರದು. ವಿಂಚಿನ ಹಗ್ಗ ಬಿಗಿದು ಟ್ಯಾಂಕ್ ರ‍್ಯಾಂಪ್ ಏರತೊಡಗಿದಾಗ ಟ್ರೇಲರಿನ ಹಿಂಭಾಗ ಕುಸಿದು ಅದನ್ನೆಳೆಯುವ ಪುಲ್ಲರಿನ ಮೂತಿ ಮೇಲೆದ್ದಂತಾಯಿತು. ಭಾರ ಆಕ್ಸಲ್‌ಗಳ ಮೇಲೆ ಹಂಚಿಕೊಂಡ ಮೇಲೆ ಎಲ್ಲವೂ ಮತ್ತೆ ಸಮಕ್ಕೆ ಬಂತು. ತೋಪನ್ನು ಹೊತ್ತು ತಿರುಗುವ ಗೋಪುರವಾದ ಟರೆಟ್ಟನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು. ಟಿ-55ರ ಟರೆಟ್ ಮುಂಭಾಗಕ್ಕೆ ಹತ್ತಿರವಿರುವುದರಿಂದ ತೋಪು ಹಿಂದಕ್ಕೆ ಮುಖ ಮಾಡಿದರೆ ಹೊರಚಾಚು ಬಹಳ ಕಡಿಮೆಯಾಗುತ್ತದೆ. ಮುಂದಕ್ಕಿದ್ದರೆ ಒಟ್ಟು ಉದ್ದ 9 ಮೀಟರ್.

ಆಮೇಲೆ ಸರಪಳಿ. ಮುಂದಿನ ಎರಡು ಮೂಲೆಯಿಂದ, ಹಿಂದಿನ ಎರಡು ಮೂಲೆಯಿಂದ ಅಡ್ಡಡ್ಡಲಾಗಿ ಕತ್ತರಿಯಂತೆ ಹಾಯಿಸಿ, ಸುತ್ತಿ ಬಿಗಿಸುವ ತಿರುಪಾದ ಟರ್ನ್‌ಬಕಲ್‌ನಿಂದ ಬಿಗಿದರು. ನೇರವಾಗಿ ಕಟ್ಟಿದ ಸರಪಳಿ ಹಿಂದುಮುಂದಿನ ಜಾರಾಟವನ್ನಷ್ಟೇ ತಡೆಯುತ್ತದೆ, ಅಡ್ಡ ಕಟ್ಟಿದ್ದು ಪಕ್ಕಕ್ಕೆ ಸರಿಯುವುದನ್ನೂ ತಡೆಯುತ್ತದೆ. ಗಾಲಿಗಳ ಕೆಳಗೆ ಮರದ ಬೆಣೆಗಳನ್ನು ಬಡಿದರು. ಬಿಗಿದಾದ ಮೇಲೆ ಅಣ್ಣ ಪ್ರತಿ ಸರಪಳಿಯನ್ನೂ ಕಬ್ಬಿಣದ ಸಲಾಕೆಯಿಂದ ತಟ್ಟಿ ಸದ್ದು ಕೇಳಿದರು.

"ಇಪ್ಪತ್ತು ಕಿಲೋಮೀಟರ್ ಹೋದ ಮೇಲೆ ಮತ್ತೆ ನಿಲ್ಲಿಸುತ್ತೇನೆ ಸರ್. ಭಾರ ಕುಳಿತುಕೊಳ್ಳಬೇಕು. ಕುಳಿತ ಮೇಲೆ ಸರಪಳಿ ಸಡಿಲವಾಗಿಯೇ ಆಗುತ್ತದೆ."

ಆಗಿತ್ತು. ಎರಡು ಟರ್ನ್‌ಬಕಲ್‌ಗಳು ಇನ್ನೂ ಸುತ್ತು ಬೇಡಿದವು.

ಮೋಟಾರು ವಾಹನ ನಿಯಮದಂತೆ ಲಾರಿಯೊಂದರ ಅಗಲ 2.6 ಮೀಟರ್ ದಾಟುವಂತಿಲ್ಲ, ಪುಲ್ಲರ್ ಮತ್ತು ಟ್ರೇಲರಿನ ಒಟ್ಟು ತೂಕ 55 ಟನ್ ಮೀರುವಂತಿಲ್ಲ. ನಾವು ಎರಡನ್ನೂ ಮೀರಿದ್ದೆವು. ಹಾಗಾಗಿ ಎರಡೂ ರಾಜ್ಯಗಳ ವಿಶೇಷ ಅನುಮತಿ, ಮುಂದೊಂದು ಪೈಲಟ್ ವಾಹನ, ನಾಲ್ಕೂ ಮೂಲೆಗೆ ಕೆಂಪು ಬಾವುಟ, ಕತ್ತಲಾದರೆ ಮಿನುಗುವ ದೀಪ. ವೇಗ ಗಂಟೆಗೆ ಮೂವತ್ತರ ಆಸುಪಾಸು. ಸೊಲ್ಲಾಪುರ ಹೆದ್ದಾರಿ ಅಗಲವಾಗಿ ಚೆನ್ನಾಗಿದೆ. ಉಜನಿ ಜಲಾಶಯದ ಬಳಿ ಭೀಮೆಯನ್ನು ದಾಟಿದ್ದು ಬಿಟ್ಟರೆ ಆ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಸೇತುವೆಗಳ ವಿಷಯ ಮಾತ್ರ ಬೇರೆ. ಧೂಳಖೇಡದ ಹತ್ತಿರ ಅದೇ ಭೀಮೆ ಮತ್ತೆ ಎದುರಾದಳು, ಆಚೆ ದಡ ಕರ್ನಾಟಕ. ಪೈಲಟ್ ವಾಹನದ ಹುಡುಗರು ಎರಡೂ ತುದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತಡೆದು ನಿಲ್ಲಿಸಿದರು. ಅಣ್ಣ ಟ್ರೇಲರನ್ನು ಸೇತುವೆಯ ಮಧ್ಯದ ಗೆರೆಗೆ ತಂದು, ನಡೆದು ಹೋಗುವವರ ವೇಗದಲ್ಲಿ, ಒಮ್ಮೆಯೂ ಬ್ರೇಕ್ ಒತ್ತದೆ ದಾಟಿಸಿದರು. ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಕ್ಕೆ ನೂಕುತ್ತದೆ, ಅಂಚಿಗೆ ಸರಿದರೆ ಒಂದೇ ತೊಲೆಯ ಮೇಲೆ ಬೀಳುತ್ತದೆ. ನನಗೆ ಅಂಜಿಕೆ ಇತ್ತೆಂಬುದು ನಿಜ. ಆದರೆ ನಮ್ಮ ಹೆದ್ದಾರಿ ಸೇತುವೆಗಳ ಲೆಕ್ಕಾಚಾರದಲ್ಲೇ ಇಂಥದೊಂದು ವಾಹನ ಅಡಗಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯಲ್ಲಿ 70ಆರ್ ಎಂಬ ಭಾರದ ವರ್ಗವಿದೆ. ಅದರ ಒಂದು ರೂಪ ಚೈನಿನ ಮೇಲೆ ಚಲಿಸುವ 70 ಟನ್ ತೂಕದ ವಾಹನ. ನಕ್ಷೆ ಬರೆಯುವ ಎಂಜಿನಿಯರ್ ಕಾಗದದ ಮೇಲೆ ಆ ವಾಹನವನ್ನು ಸೇತುವೆ ದಾಟಿಸಿ ನೋಡಿದ ಮೇಲೆಯೇ ಕಂಬ ಏಳುವುದು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಸೇತುವೆ ದಾಟುವ ನಾವೆಲ್ಲ ಆ ಕಾಣದ ವಾಹನಕ್ಕೆ ಋಣಿಗಳು.

ವಿಜಯಪುರದ ಬೈಪಾಸಿನಲ್ಲಿ ಹಗಲು ತಂಗಿದೆವು. ಅಣ್ಣ ಗಾಲಿಗಳ ಹಬ್‌ಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ ಬಿಸಿ ನೋಡಿ ಮಲಗಿದರು. ನಾನು ಆಟೊ ಹಿಡಿದು ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಹೋದೆ. ಮೊದಲೂ ನೋಡಿದ್ದೆ, ಆದರೆ ಈ ಸಲ ಕಂಡದ್ದು ಬೇರೆಯೇ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ 55 ಟನ್ ಎನ್ನುತ್ತಾರೆ. ನಮ್ಮ ಟ್ಯಾಂಕಿಗಿಂತ ಭಾರ. 1632ರಲ್ಲಿ ಪರಾಂಡಾ ಕೋಟೆಯಿಂದ ಯುದ್ಧದ ಗೆಲುವಿನ ಗುರುತಾಗಿ ಇದನ್ನು ವಿಜಯಪುರಕ್ಕೆ ತಂದರು. ಪರಾಂಡಾ ಇರುವುದು ನಾವು ಬಂದ ಸೊಲ್ಲಾಪುರ ಹೆದ್ದಾರಿಯ ಉತ್ತರಕ್ಕೆ. ಹತ್ತು ಆನೆ, ನಾನೂರು ಎತ್ತು, ನೂರಾರು ಆಳುಗಳು ಎಳೆದು ತಂದರೆಂದು ಹೇಳುತ್ತಾರೆ. ಭೀಮೆಯನ್ನು ಹೇಗೆ ದಾಟಿಸಿದರು, ಎತ್ತುಗಳಿಗೆ ಮೇವು ಎಲ್ಲಿಂದ ತಂದರು, ಇಳಿಜಾರಿನಲ್ಲಿ ಹಿಂದಕ್ಕೆ ಹಿಡಿದು ನಿಂತವರು ಯಾರು? ಎರಕ ಹೊಯ್ದ ಮಹಮ್ಮದ್ ಬಿನ್ ಹುಸೇನ್ ರೂಮಿಯ ಹೆಸರು ಉಳಿದಿದೆ. ಎಳೆದವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಬುರುಜಿನ ಮೇಲೆ ನಿಂತು ನಾನು ನೆನೆದದ್ದು ಅವರನ್ನೇ.

ನಿಡಗುಂದಿ, ಆಲಮಟ್ಟಿಯ ಬಳಿ ಕೃಷ್ಣೆ, ಹುನಗುಂದ, ಇಳಕಲ್ಲು. ಕುಷ್ಟಗಿ ತಲುಪಿದರೆ ಕೊಪ್ಪಳ ಜಿಲ್ಲೆ. ಬೆಳಗ್ಗೆ ರಸ್ತೆ ಬದಿಯ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಶಾಲೆಗೆ ಹೊರಟಿದ್ದ ಮಕ್ಕಳೆಲ್ಲ ಟ್ರೇಲರಿನ ಸುತ್ತ ಸೇರಿದರು. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1790ರಲ್ಲಿ ನಿಜಾಮರ ಪಡೆಯಲ್ಲಿ ಹುಟ್ಟಿದ ಕುದುರೆ ದಳವೇ ಮುಂದೆ ಡೆಕ್ಕನ್ ಹಾರ್ಸ್ ರೆಜಿಮೆಂಟಾಯಿತು. 1971ರ ಯುದ್ಧದಲ್ಲಿ ಅದು ಜಮ್ಮು ಗಡಿಯ ಛಂಬ್‌ನಲ್ಲಿ ಕಾದಾಡಿದ್ದು ನಮ್ಮ ಟಿ-55ರ ಬಳಗದ ಟ್ಯಾಂಕುಗಳೊಂದಿಗೆ. ನಾವು ಹೋಗುತ್ತಿದ್ದ ಬಳ್ಳಾರಿಯನ್ನು 1800ರಲ್ಲಿ ನಿಜಾಮರು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದೂ ಸೈನ್ಯದ ಖರ್ಚಿಗಾಗಿ. ಮಕ್ಕಳಿಗೆ ಇದನ್ನೆಲ್ಲ ಹೇಳುವ ಮನಸ್ಸಾಯಿತು. ಅವರು ಕೇಳಿದ್ದು ಒಳಗೆ ಎಷ್ಟು ಜನ ಕೂರುತ್ತಾರೆಂದು. ನಾಲ್ವರು ಎಂದೆ. ಅಷ್ಟು ಚಿಕ್ಕ ಜಾಗದಲ್ಲಿ 43 ಗುಂಡುಗಳ ಜತೆ ನಾಲ್ವರು ಎಂದಾಗ ಒಬ್ಬ ಹುಡುಗಿ, "ಬಿಸಿಲಿನಲ್ಲಿ ಹೇಗೆ ಕೂರುತ್ತಿದ್ದರು ಸರ್?" ಎಂದಳು. ದಾರಿಯುದ್ದಕ್ಕೂ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ.

ಹಿಟ್ನಾಳ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಿ ತುಂಗಭದ್ರೆ ದಾಟಿ ಹೊಸಪೇಟೆ. ಅಲ್ಲಿಂದ ಪಾಪಿನಾಯಕನಹಳ್ಳಿ ದಾಟಿದಂತೆ ಮಣ್ಣು ಕೆಂಪಾಗುತ್ತ ಬಂತು. ಇಷ್ಟು ದೂರ ಜನ ತೋಪನ್ನು ನೋಡಿ ಮೊಬೈಲ್ ಎತ್ತುತ್ತಿದ್ದರು. ತೋರಣಗಲ್ಲಿನ ಲಾರಿ ನಿಲ್ದಾಣದಲ್ಲಿ ಮೊಬೈಲ್ ಎತ್ತಿದವರು ಕಡಿಮೆ. ಚಾಲಕರು ಬಂದು ಮೊದಲು ಸರಪಳಿ ಮುಟ್ಟಿ ನೋಡಿದರು, ಬಗ್ಗಿ ಆಕ್ಸಲ್ ಎಣಿಸಿದರು, "ಅಡ್ಡ ಚೆನ್ನಾಗಿ ಕಟ್ಟಿದ್ದೀರಿ" ಎಂದರು. ಅಣ್ಣನ ಮುಖದಲ್ಲಿ ಆಗ ಕಂಡ ಸಂತೋಷ ಖಡಕಿಯಲ್ಲಿ ಅಧಿಕಾರಿಗಳು ಕೈಕುಲುಕಿದಾಗಲೂ ಕಂಡಿರಲಿಲ್ಲ. ಅದಿರು ಮತ್ತು ಉಕ್ಕು ಈ ನೆಲದಿಂದ ಏನೇನು ಕಿತ್ತುಕೊಂಡಿವೆ ಎಂಬುದನ್ನು ಬಲ್ಲೆ. ಹೀಗೆ ಭಾರವನ್ನು ಅರಿತ ಕೈಗಳನ್ನು ಕೊಟ್ಟದ್ದೂ ಅವೇ.

ಕಡೆಯ ಮೂರು ಕಿಲೋಮೀಟರ್ ಎಲ್ಲಕ್ಕಿಂತ ನಿಧಾನ. ಲೋ-ಬೆಡ್‌ನ ಹೊಟ್ಟೆ ನೆಲಕ್ಕೆ ಹತ್ತಿರವಿರುವುದರಿಂದ ಪ್ರತಿ ರಸ್ತೆ ಉಬ್ಬಿನ ಹಿಂದೆ ಮುಂದೆ ಮರದ ಸ್ಲೀಪರ್ ಹಾಸಿ, ದಾಟಿದ ಮೇಲೆ ಎತ್ತಿಕೊಂಡು ಮುಂದಿನ ಉಬ್ಬಿಗೆ ಓಡಬೇಕು. ಮಾಜಿ ಸೈನಿಕರು, ವಿದ್ಯಾರ್ಥಿಗಳು, ಬಡಾವಣೆಯ ಯುವಕರು ಎಲ್ಲರೂ ಹೆಗಲು ಕೊಟ್ಟರು. ಮೈದಾನದಲ್ಲಿ ಮಣ್ಣು ಗಟ್ಟಿಸಿ ಟ್ರೇಲರಿನ ಎತ್ತರಕ್ಕೇ ದಿಬ್ಬ ಕಟ್ಟಿಸಿದ್ದೆವು. ಗಣಿ ಕೆಲಸದ ಎರಡು ಯಂತ್ರಗಳಲ್ಲಿ ಒಂದು ಎಳೆಯಿತು, ಇನ್ನೊಂದು ಹಿಂದಿನಿಂದ ತಡೆದು ಹಿಡಿಯಿತು. ಟ್ಯಾಂಕ್ ತನ್ನ ಚೈನಿನ ಮೇಲೆಯೇ ಉರುಳಿ ಕಟ್ಟೆಗೆ ಬಂತು.

ಹೊರಡುವ ಮೊದಲು ಅಣ್ಣ ನನ್ನನ್ನು ಟ್ಯಾಂಕಿನ ತಳಕ್ಕೆ ಕರೆದು ತೋರಿಸಿದರು: ಮಳೆನೀರು ಇಳಿದು ಹೋಗುವ ತೂತುಗಳು ಇಲ್ಲಿ, ಇವು ಮುಚ್ಚಿಕೊಳ್ಳದಂತೆ ಮುಂಗಾರಿಗೆ ಮುಂಚೆ ಪ್ರತಿ ವರ್ಷ ನೋಡಬೇಕು, ಮೇಲಿನ ಮುಚ್ಚಳಗಳು ಭದ್ರವಾಗಿರಬೇಕು, ಇಲ್ಲದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಚೈನಿನ ಗೂಟಗಳಿಗೆ ಎಣ್ಣೆ ಬಿಡುತ್ತಿರಬೇಕು. ಎಲ್ಲವನ್ನೂ ಬರೆದುಕೊಂಡು ಕಾಲೇಜಿನ ಕಡತಕ್ಕೆ ಸೇರಿಸಿದೆ. ತಂದವರ ಹೆಸರುಗಳನ್ನೂ, ಸಹಾಯಕ ಹುಡುಗನದನ್ನೂ ಸೇರಿಸಿ, ಕಟ್ಟೆಯ ಫಲಕದಲ್ಲಿ ಕೊರೆಸಬೇಕೆಂದು ಸಮಿತಿಗೆ ಬರೆದುಕೊಟ್ಟಿದ್ದೇನೆ.