ಇನ್ನೂ ಇರೋ ಹಡಗು

ಪಲಾವ್‌ಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಊಟದ ಪಲಾವ್ ಅಲ್ಲ ಮಾರಾಯ್ರೆ, ಫಿಲಿಪ್ಪೀನ್ಸ್‌ನಿಂದ ಪೂರ್ವಕ್ಕಿರುವ ದ್ವೀಪಗಳ ದೇಶ ಅಂದೆ. ಆರು ವರ್ಷ ಆಯಿಲ್ ಟ್ಯಾಂಕರ್‌ಗಳಲ್ಲಿ ದುಡಿದವನು ರಜೆಯಲ್ಲೂ ಟ್ಯಾಂಕರ್ ನೋಡಲು ಹೊರಟಿದ್ದಾನೆ, ಅದೂ ಮುಳುಗಿದ್ದು ಅಂತ ಗೊತ್ತಾದ ಮೇಲೆ ನಗು ಇನ್ನೂ ಜಾಸ್ತಿ ಆಯಿತು.

ದೋಣಿಯಲ್ಲಿ ಡೈವಿಂಗ್ ಗೈಡ್ ಅದನ್ನು 'ಇರೋ ಮಾರು' ಅನ್ನುತ್ತಿದ್ದ. ತಪ್ಪು. 'ಮಾರು' ಅನ್ನುವುದು ಜಪಾನಿನ ವ್ಯಾಪಾರಿ ಹಡಗುಗಳ ಹೆಸರಿಗಿರುವ ಬಾಲ. ಇದು ನೌಕಾಪಡೆಯೇ ಕಟ್ಟಿಸಿಕೊಂಡ, 1922ರಲ್ಲಿ ಸಿದ್ಧವಾದ ಹಡಗು, ಹೆಸರು ಬರೀ ಇರೋ. ಜಪಾನಿನ ಇಜು ಕಡೆ ಇರುವ ಒಂದು ಭೂಶಿರದ ಹೆಸರಂತೆ. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಬೇರೆಯೇ ಕೇಳುತ್ತಿತ್ತು: ಮುಳುಗಿ 80 ವರ್ಷ ದಾಟಿದರೂ ಇರೋ ಹಡಗು!

ಇಳಿಯುವಾಗ ಮೊದಲು ಕಂಡಿದ್ದು ಕಂಬಗಳು. ಮೈತುಂಬ ಚಿಪ್ಪು, ಹವಳ. ಜೊತೆಗಿದ್ದವರೆಲ್ಲ ಮುಂಭಾಗದ ಫಿರಂಗಿ ಕಡೆ ಈಜಿದರು, ನಾನು ಕಂಬ ಬಿಟ್ಟು ಕದಲಲಿಲ್ಲ. ಹೋಸ್ ಪೈಪನ್ನು ತೂಗುಹಾಕಿ ಬೇರೆ ಹಡಗಿಗೆ ತೈಲ ಕೊಡುತ್ತಿದ್ದದ್ದು ಇಂಥ ಕಂಬಗಳಿಂದಲೇ. ಬಂದರಿನಲ್ಲಿ ಕಟ್ಟಿಹಾಕಿದ ಹಡಗಿಗೆ ಹೋಸ್ ಜೋಡಿಸುವಾಗಲೇ ನಮಗೆ ಕೈ ಬೆವರುತ್ತಿತ್ತು. ಇವರು ನಡುಕಡಲಲ್ಲಿ, ಎರಡೂ ಹಡಗು ಓಡುತ್ತಿರುವಾಗ ಆ ಕೆಲಸ ಮಾಡುತ್ತಿದ್ದರು.

ಪರ್ಲ್ ಹಾರ್ಬರ್ ದಾಳಿ ಅಂದರೆ ನಮಗೆಲ್ಲ ವಿಮಾನಗಳೇ ನೆನಪಿಗೆ ಬರುತ್ತವೆ, ಅಲ್ವಾ? ಆದರೆ 1941ರ ನವೆಂಬರ್ 26ರಂದು ಕುರಿಲ್ ದ್ವೀಪಗಳ ಹಿತೊಕಪ್ಪು ಕೊಲ್ಲಿಯಿಂದ ಹೊರಟ ಆ ದಂಡಿನ ಜೊತೆ ಏಳು ಟ್ಯಾಂಕರ್‌ಗಳೂ ಇದ್ದವು. ವ್ಯಾಪಾರಕ್ಕೆಂದು ಕಟ್ಟಿ, ನೌಕಾಪಡೆ ವಶಕ್ಕೆ ತೆಗೆದುಕೊಂಡಿದ್ದ ವೇಗದ 'ಮಾರು'ಗಳು. ಅಷ್ಟಾದರೂ ಸಾಲದೇನೋ ಅಂತ ಅಕಾಗಿಯಂಥ ದೊಡ್ಡ ವಿಮಾನವಾಹಕ ಹಡಗಿನಲ್ಲೂ ತೈಲದ ಡ್ರಮ್ ತುಂಬಿಕೊಂಡಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ತೈಲ ನಿಲ್ಲಿಸಿತ್ತು, ಜಪಾನಿಗೆ ಬರುತ್ತಿದ್ದ ತೈಲದಲ್ಲಿ ನೂರಕ್ಕೆ ಸುಮಾರು 80 ಪಾಲು ಅಲ್ಲಿಂದಲೇ. ಮುಂದೆ ಬೋರ್ನಿಯೊ, ಸುಮಾತ್ರಾದ ಬಾವಿಗಳು ಕೈಗೆ ಬಂದವು. ಬಂದು ಏನು ಪ್ರಯೋಜನ, ಅದನ್ನು ಊರಿಗೆ ಸಾಗಿಸುವ ಟ್ಯಾಂಕರ್‌ಗಳನ್ನು ಅಮೆರಿಕದ ಸಬ್‌ಮರೀನ್‌ಗಳು ಒಂದೊಂದಾಗಿ ಮುಳುಗಿಸತೊಡಗಿದವು.

ಇರೋಗೂ 1944ರ ಮಾರ್ಚ್ 22ರಂದು ಟನ್ನಿ ಅನ್ನುವ ಸಬ್‌ಮರೀನ್‌ನ ಟಾರ್ಪಿಡೊ ಬಿತ್ತು. ಮೂತಿ ಒಡೆಸಿಕೊಂಡೇ ಕುಂಟುತ್ತಾ ಪಲಾವ್ ಮುಟ್ಟಿತು. ಒಂದು ವಾರ ಕಳೆದಿತ್ತಷ್ಟೆ, ಅಮೆರಿಕದ ವಿಮಾನಗಳು ಬಂದವು. ಟಾರ್ಪಿಡೊ ಮಾಡಿದ ಆ ತೂತು ಈಗಲೂ ಇದೆ. ಅದರ ಮುಂದೆ ತೇಲುತ್ತಾ ನಿಂತಾಗ ನನಗೆ ನೆನಪಾಗಿದ್ದು ಯುದ್ಧ ಅಲ್ಲ, ನಮ್ಮ ಹಡಗಿನಲ್ಲಿ ಬೆಂಕಿಯ ಅಲಾರಂ ಬಡಿದ ಒಂದು ರಾತ್ರಿ. ಸುಳ್ಳು ಅಲಾರಂ, ಆದರೂ ಬೆಳಗಿನವರೆಗೆ ಕಾಲು ನಡುಗುತ್ತಿತ್ತು.

ಗೈಡ್ ಮೇಲೆ ಬಾ ಅಂತ ಸನ್ನೆ ಮಾಡಿದ. ದೋಣಿಯಲ್ಲಿ ಎಲ್ಲರ ಕ್ಯಾಮೆರಾದಲ್ಲೂ ಫಿರಂಗಿ, ನನ್ನದರಲ್ಲಿ ಕಂಬ, ಬರೀ ಕಂಬ. ಗೈಡ್ ಒಂದೊಂದೇ ನೋಡಿದ, ನಕ್ಕ. ಇದೇ ಜಾತಿಯ ಇನ್ನೊಂದು ಹಡಗು ಸಾತಾ ಇಲ್ಲೇ ಹತ್ತಿರ ಮಗುಚಿ ಬಿದ್ದಿದೆ, ಅಲ್ಲಿ ಕಂಬ ಕಾಣಲ್ಲ, ಬರ್ತೀರಾ ಅಂದ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅಂತ ಹೇಳಿ ದುಡ್ಡು ಕೊಟ್ಟೆ.