ಕೆಮ್ಮಣ್ಣಿನ ಹಡಿಲು ಗದ್ದೆ

ಡಿಸೆಂಬರಿನ ಕೊನೆಯ ವಾರ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ನಾನು ಉಡುಪಿಗೆ ಹೋದದ್ದು ಒಂದೇ ಒಂದು ಹಕ್ಕಿಗಾಗಿ. ಪೇಂಟೆಡ್ ಸ್ನೈಪ್ ಎಂದು ಪಕ್ಷಿವೀಕ್ಷಕರು ಕರೆಯುವ ಈ ಜೌಗುನೆಲದ ಹಕ್ಕಿಯನ್ನು ನಾನು ಅದುವರೆಗೆ ನಾಲ್ಕು ಬಾರಿ ನೋಡಿದ್ದೆ, ನಾಲ್ಕು ಬಾರಿಯೂ ಅದು ಕಾಲ ಬುಡದಿಂದ ಎದ್ದು, ಕಾಲುಗಳನ್ನು ಜೋಲುಬಿಟ್ಟುಕೊಂಡು ಹಾರಿ, ಮತ್ತೊಂದು ಹುಲ್ಲಿನ ಮರೆಗೆ ಇಳಿದು ಮಾಯವಾಗಿತ್ತು. ಮಣಿಪಾಲದಲ್ಲಿ ಪಾಠ ಹೇಳುವ ಗೆಳೆಯರೊಬ್ಬರು ಫೋನು ಮಾಡಿ, ಕಲ್ಯಾಣಪುರ ದಾಟಿ ಕೆಮ್ಮಣ್ಣಿನ ಕಡೆಗೆ ಹೋದರೆ ಸುವರ್ಣಾ ನದಿಯ ಸಮೀಪ ಒಂದು ಹಡಿಲು ಗದ್ದೆಯಿದೆ, ಅಲ್ಲಿ ಎರಡು ಸಂಜೆ ಅದರ ದನಿ ಕೇಳಿದೆ ಎಂದಾಗ ನಾನು ರಜೆ ಹಾಕಿ ಹೊರಟುಬಿಟ್ಟೆ.

ಹಡಿಲು ಎಂದರೆ ಉಳುಮೆಯಿಲ್ಲದೆ ಪಾಳುಬಿದ್ದ ಗದ್ದೆ. ಕರಾವಳಿಯ ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಎಂಬ ಮೂರು ಬಗೆಗಳಿವೆ. ಎತ್ತರದ ಬೆಟ್ಟು ಗದ್ದೆ ಮಳೆಗಾಲದ ಏಣೆಲು ಬೆಳೆಯೊಂದನ್ನೇ ಕೊಡುತ್ತದೆ, ಮಜಲಿನಲ್ಲಿ ಅದರ ಮೇಲೆ ಸುಗ್ಗಿಯೂ ಆಗುತ್ತದೆ, ತಗ್ಗಿನ ಬೈಲು ಗದ್ದೆಯಲ್ಲಿ ನೀರು ನಿಲ್ಲುವುದರಿಂದ ಬೇಸಿಗೆಯ ಕೊಳಕೆಯನ್ನೂ ಸೇರಿಸಿ ಮೂರು ಬೆಳೆ ತೆಗೆಯುವುದು ಹಿಂದಿನ ವಾಡಿಕೆ. ಅಂಥ ಬೈಲು ಗದ್ದೆಯನ್ನು ಕೆಲವು ವರ್ಷ ಉಳದೆ ಬಿಟ್ಟರೆ ಜೊಂಡು, ಆಪು, ಕಳೆಹುಲ್ಲು ಎದೆಯೆತ್ತರಕ್ಕೆ ಬೆಳೆದು, ನಡುನಡುವೆ ಕೆಸರಿನ ಹೊಂಡಗಳು ಉಳಿಯುತ್ತವೆ. ಮರೆಯೂ ಕೆಸರೂ ಒಟ್ಟಿಗೆ ಸಿಗುವ ಈ ಜಾಗವನ್ನು ಹುಂಡುಕೋಳಿ, ಬಕದ ಜಾತಿಯ ಬಿಟ್ಟರ್ನ್, ಸ್ನೈಪ್‌ಗಳು ಬೇಗನೆ ಪತ್ತೆಹಚ್ಚುತ್ತವೆ.

ಮೊದಲನೆಯ ಬೆಳಗು ಹಾಳಾದದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರ ಸಂಕಟ ನನಗೆ ಇನ್ನೂ ಆರಿಲ್ಲ. ಬಸ್ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ರಾತ್ರಿಯಿಡೀ ಎ.ಸಿ. ಹಾಕಿಕೊಂಡು ಮಲಗಿದ್ದೆ, ಕ್ಯಾಮೆರಾ ಮತ್ತು 500 ಮಿ.ಮೀ. ಲೆನ್ಸ್ ಚೀಲದ ಹೊರಗೆ ಮೇಜಿನ ಮೇಲಿದ್ದವು. ಬೆಳಗಿನ ಆರೂ ಕಾಲಿಗೆ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಿಂತು ಲೆನ್ಸಿನ ಮುಚ್ಚಳ ತೆಗೆದರೆ, ಕರಾವಳಿಯ ತೇವದ ಗಾಳಿ ತಣ್ಣನೆಯ ಗಾಜನ್ನು ಮುಟ್ಟಿದೊಡನೆ ಅದರ ಮೇಲೆಲ್ಲ ಮಂಜು ಕಟ್ಟಿತು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿತ್ತು. ಅದೇ ಹೊತ್ತಿಗೆ, ಹತ್ತು ಮಾರು ದೂರದ ಕೆಸರಿನಲ್ಲಿ, ಕಣ್ಣಿನ ಸುತ್ತ ಸುಣ್ಣ ಬಳಿದಂತೆ ಬಿಳಿಯ ಪಟ್ಟೆಯಿರುವ, ಕುತ್ತಿಗೆ ಎದೆಗಳೆಲ್ಲ ಕಡುಗೆಂಪಿನ ಹೆಣ್ಣು ಹಕ್ಕಿ ಹೊರಬಂದು, ಹಿಂಭಾಗವನ್ನು ಮೇಲೆ ಕೆಳಗೆ ತೂಗುತ್ತ ಇಡೀ ಹೊಂಡವನ್ನು ದಾಟಿ ಹೋಯಿತು. ಬರಿಗಣ್ಣಿಗೆ ನಿಚ್ಚಳವಾಗಿ ಕಂಡ ಅದು ಕ್ಯಾಮೆರಾದಲ್ಲಿ ಹಾಲಿನೊಳಗೆ ಅದ್ದಿದ ನೆರಳಿನಂತೆ ಬಂದಿದೆ. ಗಾಜು ತಿಳಿಯಾಗುವುದಕ್ಕೆ ಇಪ್ಪತ್ತು ನಿಮಿಷಕ್ಕೂ ಮೇಲಾಯಿತು. ಕರಾವಳಿಗೆ ಹೋಗುವವರು ದಯವಿಟ್ಟು ಇದನ್ನು ನೆನಪಿಡಬೇಕು: ಎ.ಸಿ. ಕೋಣೆಯಲ್ಲಿ ಮಲಗುವುದಾದರೆ ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಚೀಲವನ್ನು ಎ.ಸಿ. ತಾಗದ ಕಡೆ ಇರಿಸಬೇಕು. ಅದಾಗದಿದ್ದರೆ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಎ.ಸಿ. ಆರಿಸಿ ಕಿಟಕಿ ತೆರೆಯಬೇಕು. ಕಾರಿನಲ್ಲಿ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅಂದು ಉಳಿದ ಹೊತ್ತು ಹೇಗೋ ಕಳೆಯಿತು. ಕೃಷ್ಣಮಠಕ್ಕೆ ಹೋಗಿಬಂದೆ, ಮಲ್ಪೆಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆ. ಸಂತೆಕಟ್ಟೆಯ ಬಳಿಯ ಸಣ್ಣ ಹೋಟೆಲೊಂದರಲ್ಲಿ ತಿಂದ ಬನ್ಸ್ ಮಾತ್ರ ನೆನಪಿನಲ್ಲಿ ಉಳಿದಿದೆ. ಬಾಳೆಹಣ್ಣಿನ ಸಿಹಿಯೂ ಜೀರಿಗೆಯ ಘಮವೂ ಅಷ್ಟು ಹದವಾಗಿ ಬೆರೆತ ಬನ್ಸನ್ನು ನಾನು ಘಟ್ಟದ ಮೇಲೆ ಎಲ್ಲಿಯೂ ತಿಂದಿಲ್ಲ.

ಎರಡನೆಯ ಬೆಳಗು ಹಕ್ಕಿ ಕಾಣಲಿಲ್ಲ, ಬೆಳಕು ಕಂಡಿತು. ಆ ದಿನಗಳಲ್ಲಿ ಅಲ್ಲಿ ಸೂರ್ಯೋದಯ 6.50ರ ಸುಮಾರಿಗೆ. ಆದರೆ ಪೂರ್ವದಲ್ಲಿ ಘಟ್ಟದ ಸಾಲು, ಅದಕ್ಕಿಂತ ಹತ್ತಿರದಲ್ಲಿ ತೆಂಗಿನ ತೋಟಗಳು ಇರುವುದರಿಂದ ಬಿಸಿಲು ಗದ್ದೆಗೆ ಇಳಿಯುವುದು ತಡವಾಗಿ. ಆ ನಡುವಿನ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಆಕಾಶದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಹರಡಿ, ಕೆಸರು ನೇರಳೆ ಬಣ್ಣಕ್ಕೂ ಒಣಹುಲ್ಲು ತಾಮ್ರದ ಬಣ್ಣಕ್ಕೂ ತಿರುಗುತ್ತವೆ, ನೀರಿನ ಮೇಲೆ ಮೊಣಕಾಲೆತ್ತರಕ್ಕೆ ಮಂಜು ತೆವಳುತ್ತದೆ. ಈ ಬೆಳಕಿನಲ್ಲಿಯೇ ಜೊಂಡಿನ ಅಂಚಿನಲ್ಲಿ ದಾಲ್ಚಿನ್ನಿ ಬಣ್ಣದ ಸಿನಮನ್ ಬಿಟ್ಟರ್ನ್ ಒಂದು ಕೊಕ್ಕನ್ನು ಆಕಾಶಕ್ಕೆ ಎತ್ತಿ, ತಾನೂ ಒಂದು ಒಣ ಎಲೆಯೆಂಬಂತೆ ನಿಶ್ಚಲವಾಗಿ ನಿಂತದ್ದನ್ನು ಕಂಡೆ. ಹಿನ್ನೆಲೆಯನ್ನೆಲ್ಲ ಕರಗಿಸಿ ಹಕ್ಕಿಯೊಂದನ್ನೇ ಚೌಕಟ್ಟಿನ ತುಂಬ ತುಂಬುವ ಚಿತ್ರಗಳು ಈಗ ಬಹಳ ಮೆಚ್ಚುಗೆ ಪಡೆಯುತ್ತಿವೆ, ನನಗೆ ಅವು ಒಗ್ಗುವುದಿಲ್ಲ. ಬಿಟ್ಟರ್ನ್ ಹಕ್ಕಿಯ ಸುತ್ತ ಜೊಂಡು ಕಾಣದಿದ್ದರೆ ಅದು ಹಾಗೇಕೆ ನಿಂತಿದೆ ಎಂಬುದು ನೋಡುವವರಿಗೆ ಹೇಗೆ ತಿಳಿಯಬೇಕು? ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಮರೆಯಿಂದ ಹೊರಗೆಳೆಯುವ ಅಭ್ಯಾಸವನ್ನಂತೂ ನಾನು ಒಪ್ಪುವುದೇ ಇಲ್ಲ. ಗೂಡಿನಲ್ಲಿರುವ ಹಕ್ಕಿ ಆ ಸುಳ್ಳು ದನಿಗೆ ಓಗೊಟ್ಟು ಮೊಟ್ಟೆಯನ್ನು ಬಿಟ್ಟು ಬಂದರೆ ಅದರ ಹೊಣೆ ಯಾರದು?

ಮೂರನೆಯ ದಿನ ಕತ್ತಲಿರುವಾಗಲೇ ಹೋಗಿ, ಹುಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮರಳಿನ ಚೀಲದ ಮೇಲೆ ಲೆನ್ಸನ್ನು ಇರಿಸಿ, ಬೋರಲಾಗಿ ಮಲಗಿದೆ. ನಿಂತು ತೆಗೆದರೆ ಹಕ್ಕಿ ಕೆಸರಿಗೆ ಅಂಟಿಕೊಂಡಂತೆ ಕಾಣುತ್ತದೆ, ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಮಾತ್ರ ಹಿಂದಿನ ಮಂಜು ಚಿತ್ರದೊಳಗೆ ಬರುತ್ತದೆ. ಆರೂವರೆ ದಾಟಿದ ಮೇಲೆ ಎದುರಿನ ಹುಲ್ಲು ಅಲುಗಿತು. ಹೊರಬಂದದ್ದು ಗಂಡು: ಮಾಸಲು ಕಂದು ಮೈ, ರೆಕ್ಕೆಯ ಮೇಲೆ ಹೊಂಬಣ್ಣದ ಚುಕ್ಕೆಗಳು, ಕಣ್ಣಿನ ಸುತ್ತ ಕೆನೆಬಣ್ಣದ ಪಟ್ಟೆ. ಅದು ಎರಡು ಹೆಜ್ಜೆ ಇಟ್ಟು ನಿಂತಿತು. ಅದರ ಹಿಂದೆ ನೆಲಗಡಲೆಯ ಸಿಪ್ಪೆಗೆ ಕಾಲು ಮೂಡಿದಂತೆ ಮೂರು ಮರಿಗಳು, ಬೆನ್ನಿನ ಮೇಲೆ ಕಪ್ಪು ಗೆರೆಗಳನ್ನು ಹೊತ್ತು, ಒಂದರ ಹಿಂದೊಂದು ಹೊರಬಂದವು. ಕ್ಯಾಮೆರಾ ಬೆಳಕನ್ನು ಗ್ರಹಿಸುವ ಸೂಕ್ಷ್ಮತೆಯನ್ನು, ಅಂದರೆ ಐ.ಎಸ್.ಒ.ವನ್ನು, 3200ಕ್ಕೆ ಏರಿಸಿದರೂ ಸೆಕೆಂಡಿನ 1/200 ಭಾಗಕ್ಕಿಂತ ಹೆಚ್ಚಿನ ಷಟರ್ ವೇಗ ಸಿಗುವಷ್ಟು ಬೆಳಕಿರಲಿಲ್ಲ. ನನ್ನ ಕೈ ನಡುಗುತ್ತಿತ್ತು.

ಆಗಲೇ ತಲೆಯ ಹಿಂದಿನಿಂದ, "ಎಂತ, ಬಿದ್ದದ್ದಾ ಮಾರಾಯ್ರೆ? ಪೆಟ್ಟಾಯಿತಾ?" ಎಂಬ ಗಾಬರಿಯ ದನಿ ಕೇಳಿಸಿತು. ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಕತ್ತಿ ಹಿಡಿದು, ದನಕ್ಕೆ ಹಸಿಹುಲ್ಲು ಕೊಯ್ಯಲು ಬಂದಿದ್ದರು. ನಾನು ತುಟಿಯ ಮೇಲೆ ಬೆರಳಿಟ್ಟು ಹೊಂಡದತ್ತ ತೋರಿಸಿದೆ. ಅವರು ನೋಡಿದರು, ಕತ್ತಿಯನ್ನು ಸದ್ದಿಲ್ಲದೆ ಕೆಳಗಿಟ್ಟರು, ಅಲ್ಲಿಯೇ ಕುಕ್ಕುರುಗಾಲಿನಲ್ಲಿ ಕುಳಿತರು. ಗಂಡು ಹಕ್ಕಿ ಕಲ್ಲಿನಂತೆ ಸ್ತಬ್ಧವಾಗಿತ್ತು, ಮರಿಗಳು ಅದರ ಹೊಟ್ಟೆಯಡಿಗೆ ನುಗ್ಗಿದ್ದವು. ಹತ್ತು ನಿಮಿಷಗಳಾದರೂ ಆಗಿರಬೇಕು, ನಾವಿಬ್ಬರೂ ಅಲುಗಲಿಲ್ಲ. ಕೊನೆಗೆ ಹಕ್ಕಿಯೇ ನಮ್ಮನ್ನು ನಂಬಿ ಮತ್ತೆ ಕೆಸರಿಗೆ ಕೊಕ್ಕು ಹಾಕಿತು.

"ತಾಯಿ ಎಷ್ಟು ಜಾಗ್ರತೆ ನೋಡಿ," ಎಂದರು ಅವರು, ಪಿಸುದನಿಯಲ್ಲಿ.

"ಅದು ತಾಯಿಯಲ್ಲ ಅಮ್ಮ, ತಂದೆ. ಈ ಜಾತಿಯಲ್ಲಿ ಬಣ್ಣ ಹೆಚ್ಚು ಹೆಣ್ಣಿಗೆ. ಮೊಟ್ಟೆಯಿಟ್ಟು ಅದು ಬೇರೆ ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಕಾವು ಕೂರುವುದು, ಮರಿ ಸಾಕುವುದು ಎಲ್ಲ ಗಂಡಿನ ಕೆಲಸ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದರು: "ನಮ್ಮಲ್ಲಿ ಅಳಿಯಸಂತಾನ. ಮನೆ, ಗದ್ದೆ ಎಲ್ಲ ಹೆಣ್ಣಿನ ಕಡೆಯಿಂದ ಬಂದದ್ದು. ನಾವು ಬಿಟ್ಟು ಹೋಗಲಿಕ್ಕಿಲ್ಲ, ಹೋಗುವುದು ಗಂಡಸರು. ನಮ್ಮವರು ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದರು, ಮತ್ತೆ ಮಗನೂ ಹೋದ. ಈ ಗದ್ದೆ ನನ್ನ ಅಮ್ಮನದ್ದು."

ನಾನು ಆ ಗದ್ದೆಯನ್ನು ಮೂರು ದಿನ ಜೌಗುಭೂಮಿಯೆಂದು ಮಾತ್ರ ನೋಡಿದ್ದೆ. ಸಮಾಧಾನದ ಮಾತೆಂದು ಭಾವಿಸಿ, ಹಡಿಲು ಬಿಟ್ಟದ್ದರಿಂದಲೇ ಈ ಹಕ್ಕಿಗಳಿಗೆ ಜಾಗವಾಯಿತು ಎಂದುಬಿಟ್ಟೆ. ಅವರ ಮುಖ ಬಾಡಿತು.

"ಹಾಗೆ ಹೇಳಬೇಡಿ. ಏಣೆಲು, ಸುಗ್ಗಿ ಎರಡೂ ಮಾಡುವಾಗಲೂ ಇದು ಇಲ್ಲಿ ಇತ್ತು. ಆ ಮೂಲೆಯಲ್ಲಿ ಯಾವಾಗಲೂ ನೀರು, ಅಲ್ಲಿ ಮೊಟ್ಟೆ ಇಡುತ್ತಿತ್ತು. ಕೊಯ್ಯುವಾಗ ಗೂಡು ಕಂಡರೆ ಸುತ್ತ ನಾಲ್ಕು ಬುಡ ಬಿಟ್ಟು ಕೊಯ್ಯುತ್ತಿದ್ದದ್ದು. ಈಗ ಕೊಯ್ಲಿಗೆ ಮಿಷನ್ ಬರುತ್ತದೆ, ಮೇಲೆ ಕೂತವನಿಗೆ ಕೆಳಗೆ ಇರುವುದು ಕಾಣುತ್ತದಾ? ಮತ್ತೆ, ಹಡಿಲು ಬಿದ್ದ ಗದ್ದೆ ಹಡಿಲಾಗಿಯೇ ಉಳಿಯುತ್ತದೆ ಅಂತ ಗ್ರಹಿಸಬೇಡಿ. ಅಲ್ಲಿ ನೋಡಿ."

ಅವರು ತೋರಿಸಿದ ಕಡೆ, ರಸ್ತೆಗೆ ಹೊಂದಿದ ಎರಡು ಗದ್ದೆಗಳಿಗೆ ಲಾರಿಗಟ್ಟಲೆ ಕೆಂಪುಮಣ್ಣು ಸುರಿದು ನೆಲವನ್ನು ಎತ್ತರಿಸಿದ್ದರು. ಮೂರು ದಿನವೂ ನಾನು ಸ್ಕೂಟರ್ ನಿಲ್ಲಿಸಿದ್ದು ಅದೇ ಮಣ್ಣಿನ ಮೇಲೆ. ಅದರ ಆಚೆಯ ಗದ್ದೆಯಲ್ಲಿ ಸುಗ್ಗಿಗಾಗಿ ಟಿಲ್ಲರ್ ಓಡಿಸಿದ ಗುರುತಿತ್ತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮತ್ತೆ ಸಾಗುವಳಿಗೆ ತರುವ ಆಂದೋಲನ ನಡೆದಾಗ ಅದನ್ನು ಉತ್ತರಂತೆ, ಅಂದಿನಿಂದ ಬಿಟ್ಟಿಲ್ಲವಂತೆ. ಉತ್ತ ಆ ಕೆಸರಿನಲ್ಲಿ ಕೊಳದ ಬಕಗಳೂ ಚಳಿಗಾಲದ ವಲಸೆಯ ಸ್ನೈಪ್‌ಗಳೂ ಮೇಯುತ್ತಿದ್ದುದನ್ನು ನಾನು ಹಿಂದಿನ ದಿನವೇ ನೋಡಿದ್ದೆ, ಆದರೆ ಜೊಂಡಿಲ್ಲದ ಬಯಲು ಚಿತ್ರಕ್ಕೆ ಒದಗುವುದಿಲ್ಲವೆಂದು ಕ್ಯಾಮೆರಾವನ್ನು ಅತ್ತ ತಿರುಗಿಸಿರಲಿಲ್ಲ.

ಹೊರಡುವ ಮೊದಲು, ಖಾಲಿ ಬಾಟಲಿಯ ಬಾಯಿಗೆ ಮೆಲ್ಲಗೆ ಊದಿದಂತಿರುವ ಹೆಣ್ಣು ಹಕ್ಕಿಯ ಕೂಗನ್ನು ಬಾಯಿಂದ ಅನುಕರಿಸಿ, ರಾತ್ರಿ ಹೊತ್ತು ಇಂಥ ದನಿ ಕೇಳಿದ್ದೀರಾ ಎಂದು ಕೇಳಿದೆ. ಅವರ ಕಣ್ಣು ಅರಳಿತು. "ಅದು ಇದಾ! ಗುಮ್ಮ ಅಂತ ಹೇಳಿ ನನ್ನ ಅಮ್ಮ ನಮ್ಮನ್ನು ಮಲಗಿಸುತ್ತಿದ್ದದ್ದು. ನಾನೂ ಮಗನಿಗೆ ಹಾಗೆಯೇ ಹೇಳಿದ್ದು."

ತೆಗೆದ ಚಿತ್ರಗಳನ್ನು ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಗಂಡು ಹಕ್ಕಿ, ಹೊಟ್ಟೆಯಡಿಯಿಂದ ಇಣುಕುವ ಮರಿ, ಹಿಂದೆ ಮಂಜು. ಅವರು ಒಂದೊಂದನ್ನೂ ಶ್ರದ್ಧೆಯಿಂದ ನೋಡಿ, "ಚಂದ ಉಂಟು. ಇದರಲ್ಲಿ ಗದ್ದೆ ಕಾಣುವುದಿಲ್ಲವಲ್ಲ, ಮಗನಿಗೆ ಕಳಿಸಲಿಕ್ಕೆ ಗದ್ದೆಯ ಒಂದು ಫೋಟೋ ತೆಗೆದು ಕೊಡುತ್ತೀರಾ?" ಎಂದರು. ಹಕ್ಕಿಯ ಸುತ್ತಣ ನೆಲವೂ ಕಾಣಬೇಕೆಂದು ವಾದಿಸುವ ನಾನು ಆ ಮೂರು ದಿನಗಳಲ್ಲಿ ಇಡೀ ಗದ್ದೆಯ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ದೊಡ್ಡ ಲೆನ್ಸನ್ನು ಕಳಚಿ ಚಿಕ್ಕದನ್ನು ಹಾಕಿದೆ. ಅಷ್ಟರಲ್ಲಿ ಬಿಸಿಲು ತೆಂಗಿನ ತಲೆಗಳನ್ನು ದಾಟಿ ಜೊಂಡಿನ ಮೇಲೆ ಬಿದ್ದಿತ್ತು. ಅವರು ನನ್ನ ಪಕ್ಕದಲ್ಲಿ ನಿಂತು, "ಆ ಬಾಗಿದ ತೆಂಗಿನ ಮರದಿಂದ ಈ ಹುಣಿಯವರೆಗೆ ನಮ್ಮದು, ಪೂರ ಬರಬೇಕು" ಎಂದರು. ಪೂರ ಬರುವುದಕ್ಕಾಗಿ ನಾನು ಎರಡು ಬಾರಿ ಹಿಂದಕ್ಕೆ ಸರಿಯಬೇಕಾಯಿತು.